2005ರ ಜಿಪ್ಸಿ: ನೋಡಿದ್ದೆಷ್ಟು, ಬಿಟ್ಟಿದ್ದೆಷ್ಟು

ಗಾಡಿ: ಮಾರುತಿ ಜಿಪ್ಸಿ ಕಿಂಗ್, ಪೆಟ್ರೋಲ್, ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಇಂಜಿನ್). ನೋಂದಣಿ 2005ರ ನವೆಂಬರ್, ಕೆಎ-19. ಕೊಂಡಿದ್ದು 2025ರ ಜನವರಿ. ಮಾರುವವರು ಕೇಳಿದ್ದು 3,80,000. ನಾವು ಕೊಟ್ಟಿದ್ದು 3,05,000.

ಕೊಂಡವರು ನಮ್ಮ ಭಾವ. ನಾನು ಜೊತೆಗೆ ಹೋದವನು. ಗಾಡಿ ನೋಡೋಕೆ ನನ್ನನ್ನು ಕರೆಯುವುದು ಮನೆಯಲ್ಲಿ ಮೊದಲಿಂದಲೂ ನಡೆದು ಬಂದಿದೆ. ಮೆಕ್ಯಾನಿಕ್ ಅಲ್ಲ ನಾನು. ಆದರೆ ಕೆಳಗೆ ಮಲಗಿ ಬಟ್ಟೆ ಕೊಳೆ ಮಾಡಿಕೊಳ್ಳೋಕೆ ನಾಚಿಕೆ ಇಲ್ಲ, ಅಷ್ಟೇ ನನ್ನ ಅರ್ಹತೆ.

ಭಾವನ ತೋಟ ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ. ಟಾರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣು ದಾರಿ, ಪೂರಾ ಇಳಿಜಾರು. ಒಂದು ಕಡೆ ದರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಇನ್ನೊಂದು ಕಡೆ ಗದ್ದೆಯ ಆಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ಕಾರು ಟಾರು ರಸ್ತೆ ಪಕ್ಕದ ಪರಿಚಯದವರ ಶೆಡ್ಡಿನಲ್ಲೇ ಇರುತ್ತದೆ. ಗ್ಯಾಸ್ ಸಿಲಿಂಡರ್ ಬೇಕಾದರೂ ಹೆಗಲ ಮೇಲೆ ತರಬೇಕು. ಅಕ್ಕ ಎರಡು ಮಳೆಗಾಲ ಸಹಿಸಿಕೊಂಡು, ಮೂರನೆಯದಕ್ಕೆ ಮೊದಲು ಒಂದು ಜೀಪು ಬರಲೇಬೇಕು ಅಂದುಬಿಟ್ಟಳು.

ಆ ಕಡೆ ಜೀಪು ಅಂದರೆ ಮಹೀಂದ್ರ ಎಂಎಂ540. ಪೆಜೊದ 2112 ಸಿಸಿ ಡೀಸೆಲ್ ಇಂಜಿನ್, ಎಳೆಯುವ ಶಕ್ತಿ ಚೆನ್ನಾಗಿದೆ, ರಿಪೇರಿ ಮಾಡುವವರು ಊರೂರಲ್ಲಿ ಸಿಗುತ್ತಾರೆ. ಆದರೆ ನಮಗೆ ಸಿಕ್ಕ ಎರಡೂ ಎಂಎಂ540ಗಳಲ್ಲಿ ಇಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ, ಆರ್‌ಸಿಯಲ್ಲಿ ಬರೆದಿದ್ದು ಇನ್ನೂ ಬೇರೆ. ಭಾವನಿಗೆ ಅದು ಬೇಡವಾಯಿತು. ಜಿಪ್ಸಿ ಹಗುರ, ಒಂದು ಟನ್ ಆಸುಪಾಸಿನ ಗಾಡಿ. ಕೆಸರಿನಲ್ಲಿ ಹೂತರೆ ನಾಲ್ಕು ಜನ ಸೇರಿ ನೂಕಬಹುದು. 1985ರಲ್ಲಿ 970 ಸಿಸಿ ಇಂಜಿನ್‌ನಲ್ಲಿ ಶುರುವಾಗಿ, 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಆಗಿ, 2000ದಲ್ಲಿ ಕಾರ್ಬೊರೇಟರ್ ಹೋಗಿ 80 ಎಚ್‌ಪಿಯ ಎಂಪಿಎಫ್‌ಐ ಬಂತು. 2019ರ ಹೊತ್ತಿಗೆ ನಮ್ಮಂಥವರಿಗೆ ಹೊಸದು ಸಿಗುವುದು ನಿಂತೇಹೋಯಿತು. ಅಲ್ಲಿಂದ ಹಳೆಯದರ ರೇಟು ಏರಿದ್ದು ಇಳಿದೇ ಇಲ್ಲ.

ಮಂಗಳೂರಿನಲ್ಲಿ ಒಂದು ಇದೆ ಅಂತ ಗೊತ್ತಾಯಿತು. ಫೋಟೋದಲ್ಲಿ ಮಿಲಿಟರಿ ಹಸಿರು ಬಣ್ಣ, ದಪ್ಪ ಟಯರು, ಮುಂದೆ ಕಬ್ಬಿಣದ ಬಂಪರ್. ಭಾವ ಫೋಟೋ ನೋಡಿಯೇ ಅರ್ಧ ಸೋತಿದ್ದರು. ನಾನು ಎರಡು ಕಾರಣಕ್ಕೆ ಹಿಂಜರಿದೆ. ಒಂದು, ಸಮುದ್ರದ ಗಾಳಿ. ಇಪ್ಪತ್ತು ವರ್ಷ ಉಪ್ಪು ಗಾಳಿಯಲ್ಲಿದ್ದ ಗಾಡಿಯ ಕಬ್ಬಿಣ ಹೇಗಿರಬಹುದು ಅಂತ ಊಹಿಸೋಕೆ ದೊಡ್ಡ ಜ್ಞಾನ ಬೇಡ. ಇನ್ನೊಂದು, ಆ ಬಣ್ಣವೇ.

ಹೋಗಿ ನೋಡಿದೆವು. ಮಾರುವವರು ಒಳ್ಳೆಯ ಮಾತುಗಾರರು. "ಬಾಡಿ ನೋಡಿ ಮಾರಾಯ್ರೆ, ಕನ್ನಡಿ ಹಾಗೆ ಉಂಟು. ಕೆಲಸ ಎಂತದ್ದೂ ಇಲ್ಲ, ಪೆಟ್ರೋಲ್ ಹಾಕಿ ಓಡಿಸುವುದೇ." ಬಾಡಿ ನಿಜವಾಗಲೂ ಹೊಳೆಯುತ್ತಿತ್ತು. ಆರ್‌ಸಿ ಕೇಳಿದೆ. ಅದರಲ್ಲಿ ಬಣ್ಣ ಬಿಳಿ ಅಂತ ಇತ್ತು.

ಇದು ಬರೀ ಕಾಗದದ ತಕರಾರಲ್ಲ. ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ ಮೀಸಲು, ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮವೇ ಅದನ್ನು ಹೇಳುತ್ತದೆ. ಆರ್‌ಸಿ ನವೀಕರಣಕ್ಕೆ ಆ ಬಣ್ಣದಲ್ಲಿ ತೆಗೆದುಕೊಂಡು ಹೋದರೆ ಇನ್‌ಸ್ಪೆಕ್ಟರ್ ವಾಪಸ್ ಕಳಿಸುತ್ತಾರೆ. ಅಂದರೆ ಗಾಡಿ ನಮ್ಮದಾದ ಮೇಲೆ ಇಡೀ ಪೇಂಟು ಮತ್ತೆ ಮಾಡಿಸಬೇಕು. ಮಾರುವವರ ಪ್ರಕಾರ ಆ ಬಣ್ಣ ಗಾಡಿಯ ಬೆಲೆ ಏರಿಸುವ ಸಂಗತಿ. ನಮ್ಮ ಲೆಕ್ಕದಲ್ಲಿ ಅದು 25,000 ರೂಪಾಯಿ ಖರ್ಚು. ಹಸಿರು ಜಿಪ್ಸಿ ಅಂದಾಗ ಇನ್ನೊಂದು ಅನುಮಾನವೂ ಬರಬೇಕು. ಸೈನ್ಯದ ಹರಾಜಿನ ಗಾಡಿಗಳು ಆಮೇಲೆ ಖಾಸಗಿ ನೋಂದಣಿಗೆ ಬರುತ್ತವೆ. ಆಗ ನೋಂದಣಿ ವರ್ಷ ಹೊಸದಾಗಿ ಕಂಡರೂ ಗಾಡಿ ತಯಾರಾದ ವರ್ಷ ಹಳೆಯದಿರಬಹುದು. ಇದರಲ್ಲಿ ತಯಾರಿಕೆ, ನೋಂದಣಿ ಎರಡೂ 2005. ಚಾಸಿ ಮೇಲೆ ಕೊರೆದ ಎಂಎ3 ಅಂತ ಶುರುವಾಗುವ ನಂಬರನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಓದಿದೆ. ಆರ್‌ಸಿಗೆ ಹೊಂದಿತು.

ಕಾಗದದಲ್ಲಿ ಇನ್ನೆರಡು ಗಂಟು ಇದ್ದವು. ಆರ್‌ಸಿ ನಮ್ಮ ಮುಂದೆ ನಿಂತವರ ಹೆಸರಲ್ಲಿ ಇರಲಿಲ್ಲ, ಅವರ ನೆಂಟರ ಹೆಸರಲ್ಲಿತ್ತು. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿದರೆ ಒಂದು ಬ್ಯಾಂಕಿನ ಸಾಲ ಇನ್ನೂ ಹಾಗೇ ತೋರಿಸುತ್ತಿತ್ತು. ಸಾಲ ತೀರಿ ಎಷ್ಟೋ ವರ್ಷ ಆಗಿದೆ, ಆದರೆ ಯಾರೂ ಫಾರಂ 35 ಕೊಟ್ಟು ಅದನ್ನು ತೆಗೆಸಿಲ್ಲ. ಇಂಥದ್ದು ತುಂಬಾ ಕಡೆ ಇರುತ್ತದೆ, ಮೋಸವೇನಲ್ಲ, ಸೋಮಾರಿತನ. ಆದರೆ ಅದು ಹೋಗದೆ ಗಾಡಿ ನಮ್ಮ ಹೆಸರಿಗೆ ಬರುವುದಿಲ್ಲ. ಆರ್‌ಸಿ ಯಾರ ಹೆಸರಲ್ಲಿದೆಯೋ ಅವರೇ ಬಂದು ಫಾರಂ 29, 30ಕ್ಕೆ ಸಹಿ ಹಾಕಬೇಕು, ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ 25,000 ನಮ್ಮ ಹತ್ತಿರವೇ ಇರುತ್ತದೆ ಅಂದೆವು. ಒಪ್ಪಿದರು. ಆರ್‌ಸಿ ಅವಧಿ 2025ರ ನವೆಂಬರ್‌ವರೆಗೆ ಇತ್ತು. 15 ವರ್ಷ ಮುಗಿದಾಗ ಒಮ್ಮೆ 5 ವರ್ಷಕ್ಕೆ ಮಾಡಿಸಿದ್ದರು, ಮತ್ತೆ ಮಾಡಿಸಬೇಕು. ಆಗ ಶುಲ್ಕ 5,000 ಅಂತ ಲೆಕ್ಕ ಹಾಕಿದ್ದೆವು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿತು. ಇದು ನಮ್ಮ ತಪ್ಪಲ್ಲ ಬಿಡಿ.

ಇನ್ನು ಗಾಡಿಯ ಕೆಳಗೆ.

ಹಳೇ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ) ಗಾಡಿಯಲ್ಲಿ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಇಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ದುಡ್ಡು ಹೋಗುತ್ತದೆ ಅಷ್ಟೇ. ಚಾಸಿ ಕೊಳೆತಿದ್ದರೆ ಗಾಡಿಯೇ ಇಲ್ಲ ಅಂತ ಅರ್ಥ. ಜಿಪ್ಸಿಯಲ್ಲಿ ಏಣಿಯ ಹಾಗೆ ಎರಡು ಉದ್ದದ ದೂಲ, ನಡುವೆ ಅಡ್ಡ ಪಟ್ಟಿಗಳು. ನಾಲ್ಕೂ ಕಡೆ ಪಟ್ಟೆ ಸ್ಪ್ರಿಂಗು ಆ ದೂಲಕ್ಕೇ ತಗಲಿಕೊಂಡಿರುತ್ತದೆ. ಸ್ಪ್ರಿಂಗಿನ ಕಿವಿ ಕೂರುವ ಜಾಗ, ಹಿಂದಿನ ಚಕ್ರದ ಮೇಲೆ ದೂಲ ಬಾಗುವ ಜಾಗ, ಕಟ್ಟಕಡೆಯ ಅಡ್ಡ ಪಟ್ಟಿ, ಇಲ್ಲೆಲ್ಲ ಕೆಸರು ಕೂತು ಒಣಗದೆ ಉಳಿಯುತ್ತದೆ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ.

ಚಾಪೆ ಹಾಸಿಕೊಂಡು ಕೆಳಗೆ ಹೋದೆ. ಇಡೀ ಚಾಸಿಗೆ ಕಪ್ಪು ಅಂಡರ್‌ಕೋಟ್ ಬಳಿದಿದ್ದರು. ಬೆರಳಿಟ್ಟರೆ ಇನ್ನೂ ಅಂಟುತ್ತಿತ್ತು. ಗಾಡಿ ಮಾರುವ ವಾರ ಕೆಳಗೆ ಪೇಂಟು ಹೊಡೆಸುವುದು ಯಾಕೆ ಅಂತ ನಾನು ಕೇಳಲಿಲ್ಲ. "ಒಂದೆರಡು ಕಡೆ ಕೆರೆದು ನೋಡ್ತೀನಿ, ಪರವಾಗಿಲ್ವಾ?" ಅಂದೆ. ಮಾರುವವರ ಮುಖ ಸ್ವಲ್ಪ ಬಿಗಿಯಾಯಿತು, ಆದರೆ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಅಲ್ಲಿಂದಲೇ ಎದ್ದು ಬರುತ್ತಿದ್ದೆವು.

ನನ್ನ ಹತ್ತಿರ ಒಂದು ಸಣ್ಣ ಸುತ್ತಿಗೆ, ಒಂದು ಹಳೇ ಸ್ಕ್ರೂಡ್ರೈವರ್. ದೂಲದ ಉದ್ದಕ್ಕೂ ಗೇಣು ಗೇಣಿಗೆ ತಟ್ಟುತ್ತಾ ಹೋದೆ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ತಿಂದಿದ್ದು ಒದ್ದೆ ಹಲಗೆ ತಟ್ಟಿದ ಹಾಗೆ ದಬ್ ಅನ್ನುತ್ತದೆ. ಎರಡೂ ದೂಲ ಠಣ್ ಅಂದವು. ಬಾಗಿನಲ್ಲೂ, ಸ್ಪ್ರಿಂಗಿನ ಕಿವಿಯ ಹತ್ತಿರವೂ. ಹಿಂದಿನ ಅಡ್ಡ ಪಟ್ಟಿಗೆ ಬಂದಾಗ ಸದ್ದು ಬದಲಾಯಿತು. ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ, ಕಪ್ಪು ಬಣ್ಣದ ಜೊತೆ ಅಂಗೈ ಅಗಲದ ತುಕ್ಕಿನ ಚಕ್ಕೆ ಕಳಚಿ ಎದೆಯ ಮೇಲೆ ಬಿತ್ತು. ಒಳಗೆ ಯಾರೋ ಹಿಂದೆ ಹಾಕಿದ ತಗಡಿನ ತೇಪೆ ಕಂಡಿತು. ಕೊಂಡಿ ಹಾಕಿ ಎಳೆಯುವುದು ಇದೇ ಪಟ್ಟಿಗೆ ಬೋಲ್ಟು ಮಾಡಿದ ಹುಕ್ಕಿನಿಂದ. ಮೊದಲ ಸಲ ಎಳೆದರೆ ಹುಕ್ಕು ಕೈಗೆ ಬರುತ್ತಿತ್ತು.

ಇಲ್ಲಿ ಒಂದು ತೀರ್ಮಾನ ಮಾಡಬೇಕಾಯಿತು. ದೂಲಕ್ಕೆ ತುಕ್ಕು ಬಂದಿದ್ದರೆ ನಾನು ಭಾವನಿಗೆ ಬೇಡವೇ ಬೇಡ ಅನ್ನುತ್ತಿದ್ದೆ, ಎಷ್ಟೇ ಕಮ್ಮಿಗೆ ಕೊಟ್ಟರೂ. ಅಡ್ಡ ಪಟ್ಟಿ ಕತ್ತರಿಸಿ ದಪ್ಪ ಪ್ಲೇಟಿನಲ್ಲಿ ಹೊಸದು ಬೆಸುಗೆ ಹಾಕಬಹುದು. ಒಳಗೆ ರಬ್ಬರ್ ಚಾಪೆ ಎತ್ತಿದಾಗ ಡ್ರೈವರ್ ಕಾಲಿನ ಹತ್ತಿರ ನೆಲದ ತಗಡಿನಲ್ಲಿ ಎರಡು ತೂತು. ಅದು ಟಿಂಕರಿಂಗ್ ಕೆಲಸ, ಹೆದರುವಂಥದ್ದಲ್ಲ.

ಮುಂದಿನ ಆ್ಯಕ್ಸಲ್ ಹತ್ತಿರ ಜಾಸ್ತಿ ಹೊತ್ತು ಕೂತೆ. ಜಿಪ್ಸಿಯ ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ದುಂಡು ಬಟ್ಟಲಿನಂಥ ಒಂದು ಕೀಲಿನ ಮೇಲೆ, ಅದಕ್ಕೆ ನಕಲ್ ಅಂತಾರೆ. ಅದರ ಮೇಲೆ ಕೆಳಗೆ ಕಿಂಗ್ ಪಿನ್ ಬೇರಿಂಗು, ಸುತ್ತ ಒರೆಸುವ ಸೀಲು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂದಿನ ಒಂದು ಚಕ್ರ ಜಾಕಿನಲ್ಲಿ ಎತ್ತಿದೆವು. ಟಯರಿನ ತಲೆ, ಬುಡ ಹಿಡಿದು ಒಳಗೂ ಹೊರಗೂ ಅಲ್ಲಾಡಿಸಿದೆ. ಟಕ್ ಟಕ್ ಅಂತು. ಭಾವನಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿದೆ. ಬ್ರೇಕ್ ಒತ್ತಿದಾಗ ಅಲ್ಲಾಟ ನಿಂತರೆ ಅದು ಚಕ್ರದ ಬೇರಿಂಗು. ನಿಲ್ಲಲಿಲ್ಲ. ಅಂದರೆ ಕಿಂಗ್ ಪಿನ್ನು. ಇಂಥ ಗಾಡಿ 50-60ರ ವೇಗದಲ್ಲಿ ಒಂದು ಗುಂಡಿಗೆ ಇಳಿದರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಗಡಗಡ ನಡುಗುತ್ತದೆ. ಆಮೇಲೆ ಓಡಿಸಿ ನೋಡಿದಾಗ ನಡುಗಿತು ಕೂಡ. ಮಾರುವವರು "ಟಯರು ಬ್ಯಾಲೆನ್ಸ್ ಮಾಡಿದರೆ ಸರಿ ಹೋಗ್ತದೆ" ಅಂದರು. ಹೂಂ ಅಂದೆ.

ಕ್ರೌನ್ ಹೌಸಿಂಗಿನ (ಆ್ಯಕ್ಸಲ್ ನಡುವಿನ ಗೇರು ಡಬ್ಬಿಯ) ಆಯಿಲ್ ತುಂಬುವ ಪ್ಲಗ್ ಬಿಚ್ಚಿ ಕಿರುಬೆರಳು ಅದ್ದಿದೆ. ಹಿಂದಿನದು ಕಪ್ಪು ಆಯಿಲ್, ಹಳೆಯದಾದರೂ ಸ್ವಚ್ಛ. ಮುಂದಿನದರಲ್ಲಿ ಬೆರಳಿಗೆ ಬಂದಿದ್ದು ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ಗಾಡಿ ಆಳದ ನೀರಿಗೆ ಇಳಿದಿದೆ, ನೀರು ಒಳಗೆ ಹೋಗಿದೆ, ಆಮೇಲೆ ಯಾರೂ ಆಯಿಲ್ ಬದಲಾಯಿಸಿಲ್ಲ. ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದೆ, ಲೋಹದ ಮಿನುಗು ಇರಲಿಲ್ಲ. ಹಲ್ಲು ಉಳಿದಿವೆ ಅಂತ ಸಮಾಧಾನ. ಬೇಕಾದರೆ ಇದೊಂದು ಕೆಲಸವನ್ನು ಮಾತ್ರ ಮಾಡಿ, ಬೇರೆಲ್ಲ ಬಿಡಿ. ಒಂದು ಪ್ಲಗ್ ಬಿಚ್ಚೋಕೆ ಎರಡು ನಿಮಿಷ, ಮಾರುವವರು ಹೇಳದ ಕಥೆಯನ್ನು ಅದು ಹೇಳುತ್ತದೆ.

ಇಂಜಿನ್ ವಿಷಯ ಬೇಗ ಮುಗಿಸುತ್ತೇನೆ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿದ್ದೆ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟೆ, ತಣ್ಣಗಿತ್ತು. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು, ನೀಲಿ ಹೊಗೆ ಇಲ್ಲ. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದಾಗ ನಾಲ್ಕು ಸಿಲಿಂಡರೂ 155ರಿಂದ 165ರ ಒಳಗೆ ನಿಂತವು. ನಾಲ್ಕೂ ಹತ್ತಿರ ಹತ್ತಿರ ಇವೆಯಾ ಅನ್ನುವುದೇ ಮುಖ್ಯ. ಈ ಇಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ, ಯಾವಾಗ ಬದಲಾಯಿಸಿದ್ದು ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದರೆ ಬದಲಾಯಿಸಬೇಕು ಅಂತಲೇ ಲೆಕ್ಕ. ದಪ್ಪ ಟಯರುಗಳ ಪಕ್ಕೆಯಲ್ಲಿ 1417 ಅಂತ ಇತ್ತು, ಅಂದರೆ 2017ರ 14ನೇ ವಾರದ ಟಯರು. ಟಯರಿನ ಗೀರು ಆಳವಾಗಿಯೇ ಇದೆ, ಆದರೆ ರಬ್ಬರು ಸೀಳಿದೆ. ಮೀಟರ್ ಓದಲೇ ಇಲ್ಲ. 20 ವರ್ಷದ ಗಾಡಿಯ ಮೀಟರ್ ನಂಬುವವರು ಜಾತಕವನ್ನೂ ನಂಬಬಹುದು.

ಆಮೇಲೆ ಫೋರ್ ವೀಲ್. ಇಂಜಿನ್ ಆಫ್ ಮಾಡಿ, ಗೇರಿನಲ್ಲಿಟ್ಟು, ಫೋರ್ ಹೈ (ನಾಲ್ಕೂ ಚಕ್ರ, ಮಾಮೂಲಿ ವೇಗ) ಹಾಕಿ, ಎತ್ತಿದ ಮುಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡಿದೆ. ತಿರುಗಲಿಲ್ಲ. ತಿರುಗಿದ್ದರೆ ಚಕ್ರದ ನಡುವಿನ ಹಬ್‌ನಲ್ಲೋ ಇನ್ನೆಲ್ಲೋ ಕಚ್ಚುತ್ತಿಲ್ಲ ಅಂತ ಅರ್ಥ. ಇನ್ನೊಂದು ಕಡೆಯೂ ಹಾಗೇ. ಅವರ ಅಂಗಳದ ಜಲ್ಲಿಯ ಮೇಲೆ ಫೋರ್ ಲೋ (ನಾಲ್ಕೂ ಚಕ್ರ, ನಿಧಾನ, ಎಳೆತ ಜಾಸ್ತಿ) ಹಾಕಿ ಓಡಿಸಿದೆವು. ಗೇಟಿನ ಹತ್ತಿರ ಒಂದು ದಿಬ್ಬ ಇತ್ತು, ಅದನ್ನೂ ಹತ್ತಿಸಿದೆವು. ಆರಾಮಾಗಿ ಹತ್ತಿತು. ಭಾವನ ಮುಖ ಅರಳಿತು. ಈ ಹೈ, ಲೋ ಬದಲಾಯಿಸುವ ಟ್ರಾನ್ಸ್‌ಫರ್ ಲಿವರ್‌ನ ಕುತ್ತಿಗೆಗೆ ಯಾರೋ ಸೈಕಲ್ ಟ್ಯೂಬಿನ ಒಂದು ತುಂಡು ಗಂಟು ಹಾಕಿದ್ದರು, ತುದಿಯಲ್ಲಿ ತಂತಿಯ ಸಣ್ಣ ಕೊಕ್ಕೆ ಜೋತಾಡುತ್ತಿತ್ತು. ಲಿವರ್ ಗಲಗಲ ಅನ್ನದಿರಲಿ ಅಂತ ಕಟ್ಟಿರಬೇಕು ಅಂದುಕೊಂಡೆ.

ರೇಟಿನ ಮಾತು ಅವರ ಮನೆ ಜಗಲಿಯಲ್ಲಿ ನಡೆಯಿತು. ನಾನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ: ಬಿಳಿ ಪೇಂಟು 25,000, ನಾಲ್ಕು ಟಯರು 28,000, ಎರಡೂ ಕಡೆ ಕಿಂಗ್ ಪಿನ್ನು ಸೀಲು 9,000, ಹಿಂದಿನ ಪಟ್ಟಿ 7,000, ಬೆಲ್ಟು ಕೂಲೆಂಟು ಎಲ್ಲಾ ಆಯಿಲ್ ಸೇರಿ 8,000. ಒಟ್ಟು 77,000. ಚೀಟಿಯನ್ನೇ ಅವರ ಕೈಗೆ ಕೊಟ್ಟೆ. ಬಾಯಿ ಮಾತಿಗೆ ಬಾಯಿ ಮಾತು ಬರುತ್ತದೆ, ಬರೆದಿದ್ದಕ್ಕೆ ಜನ ಸುಮ್ಮನೆ ಕೂತು ಓದುತ್ತಾರೆ. ತುಕ್ಕಿನ ಆ ಚಕ್ಕೆಯನ್ನೂ ಪಕ್ಕದಲ್ಲಿಟ್ಟಿದ್ದೆ, ಸ್ವಲ್ಪ ಕುಚೋದ್ಯ ಅಂತಲೇ ಇಟ್ಟುಕೊಳ್ಳಿ. ಒಳಗಿಂದ ಎರಡು ಸಲ ಚಹಾ ಬಂತು. ಮೂರು ಲಕ್ಷ ಅಂದ ನಾವು 3,05,000ಕ್ಕೆ ನಿಂತೆವು.

ಶಿರಾಡಿ ಘಾಟಿ ಹತ್ತಿಸಿಕೊಂಡು ಬಂದೆವು. ಸ್ಟೇರಿಂಗ್ ನಡುಕಕ್ಕೆ ಹೆದರಿ 45 ದಾಟಲಿಲ್ಲ. ಲಾರಿಗಳೇ ನಮ್ಮನ್ನು ಹಿಂದೆ ಹಾಕಿದವು. ಗುಂಡ್ಯ ದಾಟಿ ಏರು ಶುರುವಾದ ಮೇಲೂ ಟೆಂಪರೇಚರ್ ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ. ರೇಡಿಯೇಟರಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸಕಲೇಶಪುರದಲ್ಲಿ ಚೀಟಿಯಲ್ಲಿದ್ದ ಕೆಲಸವೆಲ್ಲ ಮಾಡಿಸಿದಾಗ 81,000 ಆಯಿತು. ಅಂದಾಜಿಗಿಂತ ನಾಲ್ಕು ಸಾವಿರ ಜಾಸ್ತಿ, ಅಷ್ಟೇ. ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜುಲೈ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯೋಕೆ ಮೈಲುತುತ್ತ, ನಾಲ್ಕು ಚೀಲ ಸುಣ್ಣ ಹೇರಿಕೊಂಡು ಭಾವ ಮಣ್ಣು ದಾರಿ ಇಳಿಯುತ್ತಿದ್ದರು. ಹಿಂದೆ ಇಬ್ಬರು ಕೆಲಸದವರು. ನಾನು ಪಕ್ಕದ ಸೀಟಿನಲ್ಲಿ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ, ದಾರಿ ಸಾಬೂನಿನ ಹಾಗೆ. ಫೋರ್ ಲೋ, ಸೆಕೆಂಡ್ ಗೇರು, ಕಾಲು ಎಲ್ಲದರಿಂದಲೂ ತೆಗೆದು ಇಂಜಿನ್ ಹಿಡಿತದಲ್ಲೇ ಇಳಿಸುತ್ತಿದ್ದರು. ಹಾಗೇ ಇಳಿಸಬೇಕು. ಜಿಪ್ಸಿಯ ಟ್ರಾನ್ಸ್‌ಫರ್ ಕೇಸಿನಲ್ಲಿ, ಅಂದರೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರು ಡಬ್ಬಿಯಲ್ಲಿ, ಗೇರ್ ಅನುಪಾತ ಹೈ 1.409, ಲೋ 2.268. ಆ ಲೋ ಗೇರಿನ ಹಿಡಿತವೇ ಇಳಿಜಾರಿನಲ್ಲಿ ಅರ್ಧ ಬ್ರೇಕು.

ತಿರುವಿನ ಹತ್ತಿರ ಲಿವರ್ ಟಕ್ ಅಂತ ಜಿಗಿದು ನ್ಯೂಟ್ರಲ್‌ಗೆ ಬಂತು. ಊಂ ಅನ್ನುತ್ತಿದ್ದ ಇಂಜಿನ್ ದನಿ ಒಮ್ಮೆಲೇ ಸಣ್ಣಗಾಯಿತು. ಮಳೆಯ ಸದ್ದು ಮಾತ್ರ ಕೇಳಿತು. ಗಾಡಿ ತಾನಾಗಿಯೇ ಓಡೋಕೆ ಶುರುಮಾಡಿತು. ಟ್ರಾನ್ಸ್‌ಫರ್ ನ್ಯೂಟ್ರಲ್‌ಗೆ ಬಂದರೆ ಗೇರಿನಲ್ಲಿದ್ದೂ ಪ್ರಯೋಜನ ಇಲ್ಲ, ಇಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಭಾವ ಬ್ರೇಕ್ ಒತ್ತಿದರು, ಚಕ್ರ ನಿಂತಿತು, ಗಾಡಿ ಜಾರಿತು. ಅವರು ಮಾಡಿದ ಒಂದೇ ಒಳ್ಳೆ ಕೆಲಸ, ಸ್ಟೇರಿಂಗನ್ನು ದರೆ ಕಡೆಗೆ ಎಳೆದಿದ್ದು. ಎಡ ಪಕ್ಕೆ ಪೂರ್ತಿ ಕೆಮ್ಮಣ್ಣಿಗೆ ಉಜ್ಜಿಕೊಂಡು ನಿಂತೆವು. ಹೊಸ ಬಿಳಿ ಪೇಂಟು. ಯಾರಿಗೂ ಏನೂ ಆಗಲಿಲ್ಲ. ಒಂದು ಚೀಲ ಸುಣ್ಣ ಒಡೆದು ಹಿಂದಿದ್ದವರು ಬೆಳ್ಳಗಾಗಿದ್ದರು.

ನಾನು ಫೋರ್ ಲೋ ಪರೀಕ್ಷೆ ಮಾಡಿದ್ದು ಹತ್ತುವಾಗ. ಹತ್ತುವಾಗ ಇಂಜಿನ್ ಚಕ್ರವನ್ನು ನೂಕುತ್ತದೆ, ಹಲ್ಲು ಒಂದು ಕಡೆಗೆ ಒತ್ತಿಕೊಂಡು ನಿಲ್ಲುತ್ತವೆ. ಇಳಿಯುವಾಗ ಚಕ್ರ ಇಂಜಿನನ್ನು ನೂಕುತ್ತದೆ, ಒತ್ತಡ ಉಲ್ಟಾ. ಸವೆದ ಗೇರು ಹೊರಗೆ ಜಿಗಿಯುವುದು ಆಗಲೇ. ಭಾವನ ದಾರಿ ಇಳಿಜಾರು ಅಂತ ಗೊತ್ತಿದ್ದೂ ನಾನು ಒಂದು ಇಳಿಜಾರಿನಲ್ಲಿ ಕಾಲು ತೆಗೆದು ನೋಡಲಿಲ್ಲ. ಆ ಗೇಟಿನ ದಿಬ್ಬದಿಂದ ವಾಪಸ್ ಇಳಿಯುವಾಗಲೂ ಭಾವ ಖುಷಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದಿದ್ದರು.

ಗ್ಯಾರೇಜಿನಲ್ಲಿ ಬಿಚ್ಚಿದರು. ಜಿಪ್ಸಿಯ ಟ್ರಾನ್ಸ್‌ಫರ್ ಕೇಸು ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟು, ಕೇಸು ಮೂರು ರಬ್ಬರ್ ಮೌಂಟುಗಳ ಮೇಲೆ ತೂಗಿಕೊಂಡಿರುತ್ತದೆ. ಎರಡು ಮೌಂಟು ಹರಿದಿದ್ದವು, ಇಳಿಜಾರಿನಲ್ಲಿ ಇಡೀ ಕೇಸೇ ಹೊರಳುತ್ತಿತ್ತು. ಒಳಗೆ ಲಿವರ್ ಹಿಡಿದಿಡುವ ಗುಂಡಿನ ಸ್ಪ್ರಿಂಗು ಸೋತಿತ್ತು, ಲೋ ಗೇರಿನ ಹಲ್ಲಿನ ಅಂಚು ದುಂಡಗಾಗಿತ್ತು. ಒಟ್ಟು 14,500. ಚೀಟಿಯಲ್ಲಿ ಇಲ್ಲದ ಖರ್ಚು. ಮೌಂಟು ಹರಿದಿದ್ದನ್ನು ನಾನು ಆ ದಿನ ಕೆಳಗೆ ಮಲಗಿದ್ದಾಗಲೇ ಕಾಣಬಹುದಿತ್ತು, ಅದರ ಮೇಲೂ ಕಪ್ಪು ಬಣ್ಣ ಬಳಿದಿದ್ದರು. ಒಂದು ಸಲ ಸಲಾಕೆ ಹಾಕಿ ಮೀಟಿದ್ದರೆ ಸಾಕಿತ್ತು.

ಕೆಲಸ ಮುಗಿಸಿ ಲಿವರ್ ಕೂರಿಸುವಾಗ ಮೆಕ್ಯಾನಿಕ್ ಆ ಟ್ಯೂಬಿನ ತುಂಡು ಹಿಡಿದು, "ಇದನ್ನ ಕಟ್ಟಿದ್ದು ನೀವಾ ಸಾರ್?" ಅಂದರು. ಅಲ್ಲ, ಮೊದಲೇ ಇತ್ತು ಅಂದೆ. ಅವರು ಲಿವರನ್ನು ಫೋರ್ ಲೋಗೆ ಹಾಕಿ, ಟ್ಯೂಬು ಎಳೆದು, ಕೊಕ್ಕೆಯನ್ನು ಪಕ್ಕದ ಒಂದು ಬ್ರಾಕೆಟ್ಟಿನ ತೂತಿಗೆ ಸಿಕ್ಕಿಸಿದರು. ಅಳತೆ ಮಾಡಿ ಕತ್ತರಿಸಿದ ಹಾಗೆ ಕೂತಿತು. ಆ ತೂತಿನ ಅಂಚಿನಲ್ಲಿ ಪೇಂಟು ಇರಲಿಲ್ಲ, ಕಬ್ಬಿಣ ಸವೆದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.